ಐಟಿ ಹಾಕಿದರೆ ಕಾರ್ಡು ಹೋಗುತ್ತಾ?

ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಕ್ವೀನ್ಸ್ ರಸ್ತೆಯಲ್ಲಿ ಆದಾಯ ತೆರಿಗೆ ಇಲಾಖೆಯ ದೊಡ್ಡ ಕಚೇರಿಯಿದೆ. ನಗರದ ಪೂರ್ವ ತುದಿಗೆ, ಕೆ.ಆರ್. ಪುರದಲ್ಲಿ, ಬೆಂಗಳೂರು ಪೂರ್ವ ತಾಲ್ಲೂಕು ಕಚೇರಿ. ಈ ಎರಡರ ನಡುವೆ ರಸೆಲ್ ಮಾರುಕಟ್ಟೆಯ ವ್ಯಾಪಾರಿಗಳಿದ್ದಾರೆ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳ ದರ್ಜಿಗಳಿದ್ದಾರೆ, ಹಲಸೂರಿನ ಕ್ಷೌರದಂಗಡಿಗಳಿವೆ, ಇಂದಿರಾನಗರದ ಕೆಎ-03 ಮತ್ತು ಕೆ.ಆರ್. ಪುರದ ಕೆಎ-53 ಫಲಕ ಹೊತ್ತ ಆಟೊ, ಟ್ಯಾಕ್ಸಿಗಳಿವೆ. ಇವರಿಗೆ ಸಂಬಳದ ಚೀಟಿಯಿಲ್ಲ. ತಾವು ಎಷ್ಟು ದುಡಿಯುತ್ತೇವೆಂದು ತಾವೇ ಹೇಳಬೇಕು, ಸರ್ಕಾರ ಅದನ್ನು ನಂಬಬೇಕು. ತೆರಿಗೆ ಕಚೇರಿಗೆ ಹೇಳುವ ಲೆಕ್ಕ ಒಂದು, ಆದಾಯ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಹೇಳುವ ಲೆಕ್ಕ ಇನ್ನೊಂದು. ಎರಡರ ನಡುವೆ ಸಿಕ್ಕಿಕೊಂಡಿರುವ ಪ್ರಶ್ನೆ ಈ ಲೇಖನದ ತಲೆಬರಹ: ಆದಾಯ ತೆರಿಗೆ ರಿಟರ್ನ್ ಹಾಕಿದರೆ ಬಿಪಿಎಲ್ ಪಡಿತರ ಕಾರ್ಡು ಹೋಗುತ್ತಾ? ಯಾವ ತೆರಿಗೆ ಪುಸ್ತಕದಲ್ಲೂ ಅದು ಇಲ್ಲ. ಆದರೆ ಸಣ್ಣ ಸ್ವಂತ ಕಸುಬಿನವರು ರಿಟರ್ನ್ ಸಲ್ಲಿಸಬೇಕೋ ಬೇಡವೋ ಎಂಬುದನ್ನು ತೆರಿಗೆಯ ದರಪಟ್ಟಿಗಿಂತ ಹೆಚ್ಚಾಗಿ ನಿರ್ಧರಿಸುವುದು ಈ ಪ್ರಶ್ನೆಯೇ ಎಂಬುದು ನನ್ನ ವಾದ. ಸರ್ಕಾರದ ಸಹಾಯಧನ ರಿಟರ್ನಿನ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು ಕೇಳುವುದು ವಾಡಿಕೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪರಿಣಾಮ ಉಲ್ಟಾ ದಿಕ್ಕಿನದು: ರಿಟರ್ನು ಸಹಾಯಧನವನ್ನು ಏನು ಮಾಡುತ್ತದೆ ಎಂಬುದು.

ಮೊದಲು ವಾಡಿಕೆಯ ಪ್ರಶ್ನೆಯನ್ನೇ ತೀರಿಸಿಕೊಳ್ಳೋಣ. 2020ರ ಮೇ 6ರಂದು, ಲಾಕ್‌ಡೌನಿನ ನಡುವೆ, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಸುಮಾರು 2.30 ಲಕ್ಷ ಕ್ಷೌರಿಕರು, 60 ಸಾವಿರ ಅಗಸರು, 7.75 ಲಕ್ಷ ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂಬುದು ಅದರಲ್ಲಿತ್ತು. ಮರುವರ್ಷ ಎರಡನೇ ಅಲೆಯಲ್ಲಿ 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಚಾಲಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಈ ಹಣ ಕಸುಬಿನ ಆದಾಯವೇ? ಹಿಂದೆ ಇದಕ್ಕೆ ಉತ್ತರ ಕೊಡುತ್ತಿದ್ದದ್ದು ಸುಪ್ರೀಂ ಕೋರ್ಟಿನ ತೀರ್ಪುಗಳು. 1997ರ ಸಾಹ್ನಿ ಸ್ಟೀಲ್ ಪ್ರಕರಣದಲ್ಲೂ 2008ರ ಪೊನ್ನಿ ಶುಗರ್ಸ್ ಪ್ರಕರಣದಲ್ಲೂ ಕೋರ್ಟು ಹಿಡಿದ ದಾರಿ ಒಂದೇ: ಹಣ ಯಾವ ಉದ್ದೇಶಕ್ಕೆ ಬಂತು ಎಂದು ನೋಡು. ನಡೆಯುತ್ತಿರುವ ವ್ಯಾಪಾರಕ್ಕೆ ಊರುಗೋಲಾಗಿ ಬಂದಿದ್ದರೆ ಆದಾಯ, ಕಾರ್ಖಾನೆ ಕಟ್ಟಲು ಬಂದಿದ್ದರೆ ಬಂಡವಾಳ. 2015ರ ಹಣಕಾಸು ಕಾಯ್ದೆ ಈ ಸೂಕ್ಷ್ಮವನ್ನು ಅಳಿಸಿತು. ಆದಾಯದ ವ್ಯಾಖ್ಯೆಗೆ, ಸೆಕ್ಷನ್ 2(24)ಕ್ಕೆ, ಹೊಸ ಉಪಖಂಡ ಸೇರಿಸಿ ಕೇಂದ್ರ ಅಥವಾ ರಾಜ್ಯ ಸರ್ಕಾರದಿಂದ ಬರುವ ಸಬ್ಸಿಡಿ, ಅನುದಾನ, ನಗದು ಪ್ರೋತ್ಸಾಹ, ಮನ್ನಾ, ರಿಯಾಯಿತಿ ಎಲ್ಲವೂ ಆದಾಯವೆಂದಿತು. ಆಸ್ತಿಯ ಬೆಲೆಯಿಂದ ಕಳೆಯಬೇಕಾದ ಸಬ್ಸಿಡಿಯನ್ನು ಮಾತ್ರ ಹೊರಗಿಟ್ಟಿತು. ಹಾಗಾದರೆ ಅಡುಗೆ ಅನಿಲದ ಸಬ್ಸಿಡಿಗೂ ತೆರಿಗೆಯೇ ಎಂದು ಗದ್ದಲವಾದಾಗ, ವ್ಯಕ್ತಿಗಳ ಕಲ್ಯಾಣಕ್ಕಾಗಿ ಕೊಡುವ ಸಬ್ಸಿಡಿಗೆ ಇದು ಅನ್ವಯಿಸದು ಎಂದು ಸ್ಪಷ್ಟನೆ ಹೊರಟಿತು. (2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಅಂಗೀಕರಿಸಿರುವುದರಿಂದ ಈ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಇಲ್ಲಿನ ಚರ್ಚೆ 1961ರ ಕಾಯ್ದೆಯ ಲೆಕ್ಕದಲ್ಲಿ.)

ಕ್ಷೌರಿಕರ 5,000 ರೂಪಾಯಿ ಈ ವ್ಯಾಖ್ಯೆ ಮತ್ತು ಆ ಸ್ಪಷ್ಟನೆಯ ಸಂದಿಯಲ್ಲಿ ಬಿದ್ದಿತು. ಅರ್ಜಿ ಹಾಕಲು ಕಸುಬೇ ಅರ್ಹತೆ. ಚಾಲಕನಾದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಲೈಸೆನ್ಸ್ ವಿವರ ಕೊಡಬೇಕಿತ್ತು. ಕಸುಬು ನಿಂತದ್ದಕ್ಕೆ ಕೊಟ್ಟ ಹಣವಾದ್ದರಿಂದ ಅದು ಕಸುಬಿನ ಆದಾಯದ ಬದಲಿಗೆ ಬಂದದ್ದು ಎಂದು ವಾದಿಸಬಹುದು. ಆದರೆ ಆ ಹಣದಿಂದ ಯಾರೂ ಅಂಗಡಿ ನಡೆಸಲಿಲ್ಲ. ಅಂಗಡಿ ಮುಚ್ಚಿತ್ತು, ಅದಕ್ಕೇ ಹಣ ಬಂತು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗದೆ ನೇರ ಮನೆಯ ಅಕ್ಕಿ ಡಬ್ಬಕ್ಕೆ ಹೋದ ಹಣವನ್ನು ಕಲ್ಯಾಣದ ಸಬ್ಸಿಡಿ ಎಂದೇ ಓದಬೇಕು ಎಂಬುದು ನನ್ನ ನಿಲುವು. ಇದು ಬರೀ ಪದಗಳ ಜಗಳವೇನಲ್ಲ. ಬಹುತೇಕರಿಗೆ ಈ ವ್ಯತ್ಯಾಸದ ಬೆಲೆ ಸೊನ್ನೆ, ನಿಜ. ಐದು ಪರ್ಸೆಂಟ್ ದರದಲ್ಲಿ ತೆರಿಗೆ ಕಟ್ಟಬೇಕಾದವರಿಗೂ ಸೆಸ್ ಸೇರಿ 260 ರೂಪಾಯಿ. ಆದರೆ 2020-21ರಲ್ಲಿ 5 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತಿತ್ತು, ಆ ಗೆರೆ ದಾಟಿದ ಕೂಡಲೇ ರಿಯಾಯಿತಿ ಪೂರ್ತಿ ಬಿದ್ದುಹೋಗುತ್ತಿತ್ತು. ಸರಿಯಾಗಿ 5 ಲಕ್ಷದ ಗೆರೆಯ ಮೇಲೆ ನಿಂತ ಟ್ಯಾಕ್ಸಿ ಮಾಲೀಕನೊಬ್ಬ ಈ 5,000ವನ್ನು ಆದಾಯಕ್ಕೆ ಸೇರಿಸಿದ್ದರೆ ಹಳೆಯ ಪದ್ಧತಿಯಲ್ಲಿ ಅವನ ತೆರಿಗೆ 14,040 ರೂಪಾಯಿ. ಐದು ಸಾವಿರ ಕೊಟ್ಟು ಹದಿನಾಲ್ಕು ಸಾವಿರ ಕಿತ್ತುಕೊಂಡಂತೆ. ಅಂಥವರು ಎಷ್ಟು ಮಂದಿ ಇದ್ದಾರು, ಬೆರಳೆಣಿಕೆ. ಆದರೂ ಸಹಾಯದ ಆದೇಶದಲ್ಲಿ ‘ಇದು ಜೀವನ ನಿರ್ವಹಣೆಗೆ’ ಎಂಬ ಒಂದು ಸಾಲು ಎಷ್ಟು ಮುಖ್ಯ ಎಂಬುದಕ್ಕೆ ಈ ಲೆಕ್ಕ ಸಾಕು.

ವಾಹನದ ಸಬ್ಸಿಡಿಯ ದಾರಿ ಬೇರೆ. ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ಟ್ಯಾಕ್ಸಿ ಕೊಳ್ಳಲು 5 ಲಕ್ಷದವರೆಗೆ ಕೊಟ್ಟ ‘ಐರಾವತ’, ಅಲ್ಪಸಂಖ್ಯಾತರಿಗೆ ವಾಹನದ ಬೆಲೆಯ ಅರ್ಧ ಅಥವಾ ಗರಿಷ್ಠ 3 ಲಕ್ಷ ಕೊಡುವ ‘ಸ್ವಾವಲಂಬಿ ಸಾರಥಿ’, ಇವು ಆಸ್ತಿಗೆ ಅಂಟಿಕೊಂಡ ಹಣ. 8 ಲಕ್ಷದ ಕಾರಿಗೆ 3 ಲಕ್ಷ ಸಬ್ಸಿಡಿ ಬಂದರೆ ತೆರಿಗೆ ಲೆಕ್ಕದಲ್ಲಿ ಕಾರಿನ ಬೆಲೆ 5 ಲಕ್ಷ. ಲೆಕ್ಕಪುಸ್ತಕ ಇಡುವವರಿಗೆ ಬಾಡಿಗೆ ವಾಹನದ ಸವಕಳಿ ಶೇ 30. ಮೊದಲ ವರ್ಷ 2.40 ಲಕ್ಷದ ಬದಲು 1.50 ಲಕ್ಷ ಸವಕಳಿ ಸಿಗುತ್ತದೆ. ಸಬ್ಸಿಡಿಗೆ ಒಮ್ಮೆಗೇ ತೆರಿಗೆ ಬೀಳಲಿಲ್ಲ, ಆದರೆ ಮುಂದಿನ ವರ್ಷಗಳಿಗೆ ಹಂಚಿ ನಿಧಾನಕ್ಕೆ ಬಿತ್ತು. ಇದರಲ್ಲಿ ಅನ್ಯಾಯವಿಲ್ಲ. ತನ್ನ ಜೇಬಿನಿಂದ ಹೋಗದ ಹಣಕ್ಕೆ ಸವಕಳಿ ಕೇಳುವುದು ಸರಿಯಲ್ಲ. ಕಾಯ್ದೆ ಇಲ್ಲಿ ಅಚ್ಚುಕಟ್ಟಾಗಿದೆ, ಹಾಗಾಗಿ ಇದರ ಬಗ್ಗೆ ಇನ್ನು ಮಾತು ಬೇಡ.

ಅಚ್ಚುಕಟ್ಟು ತಪ್ಪಿರುವುದು ಇನ್ನೊಂದು ದಿಕ್ಕಿನಲ್ಲಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ‘ಗೃಹಲಕ್ಷ್ಮಿ’ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ, ವರ್ಷಕ್ಕೆ 24,000. ಎಪಿಎಲ್, ಬಿಪಿಎಲ್ ಎಂಬ ಭೇದವಿಲ್ಲ. ಆದರೆ ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಇಲ್ಲ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಇಲ್ಲ. ಈ ಎರಡು ಷರತ್ತುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಆದಾಯ ತೆರಿಗೆಗೆ ‘ಪಾವತಿ’ ಅಳತೆಗೋಲು, ಜಿಎಸ್‌ಟಿಗೆ ‘ಸಲ್ಲಿಕೆ’ ಅಳತೆಗೋಲು. ಕಾಗದದ ಮೇಲೆ ದೊಡ್ಡ ಅಂತರ. ಬೀದಿಯ ಮಾತಿನಲ್ಲಿ ಆ ಅಂತರವೇ ಇಲ್ಲ. ‘ಐಟಿ ಕಟ್ಟೋರು’ ಎಂದರೆ ತೆರಿಗೆ ಕೊಟ್ಟವರೂ ಹೌದು, ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರೂ ಹೌದು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದಾಗ, ಬ್ಯಾಂಕ್ ಸಾಲಕ್ಕೆಂದು ರಿಟರ್ನ್ ಹಾಕಿದ ತಪ್ಪಿಗೆ ಕಾರ್ಡು ಹೋಯಿತು ಎಂಬ ದೂರು ಕೇಳಿಬಂತು. ಗದ್ದಲದ ಬಳಿಕ ಸರ್ಕಾರ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವುದಾಗಿ ಹೇಳಿತು. ಕಾರ್ಡು ಮರಳಿದರೂ ಭಯ ಮರಳಿ ಹೋಗಲಿಲ್ಲ.

ಈ ಭಯದ ಬೆಲೆ ಎಷ್ಟು? ಒಂದು ಲೆಕ್ಕ ಹಾಕೋಣ. 2023-24ರಲ್ಲಿ ಆ್ಯಪ್ ಕಂಪನಿಯ ಮೂಲಕ ಕಾರು ಓಡಿಸಿದ ಚಾಲಕನಿಗೆ ವರ್ಷದ ಒಟ್ಟು ಬಾಡಿಗೆ 6 ಲಕ್ಷ ಬಂತು ಎನ್ನೋಣ. ಸೆಕ್ಷನ್ 194-ಒ ಪ್ರಕಾರ ಕಂಪನಿ ಅದರಲ್ಲಿ ಶೇ 1, ಅಂದರೆ 6,000 ರೂಪಾಯಿಯನ್ನು ಮೂಲದಲ್ಲೇ ತೆರಿಗೆಯಾಗಿ (ಟಿಡಿಎಸ್) ಹಿಡಿಯಬೇಕಿತ್ತು. ಸೆಕ್ಷನ್ 44ಎಡಿಯ ಅಂದಾಜು ಲಾಭದ ಪದ್ಧತಿಯಲ್ಲಿ ಡಿಜಿಟಲ್ ಆಗಿ ಬಂದ ಹಣದ ಕನಿಷ್ಠ ಶೇ 6 ಲಾಭ ತೋರಿಸಬೇಕು, ಅದು 36,000. ಪೆಟ್ರೋಲು, ಕಂತು, ರಿಪೇರಿ ಕಳೆದು ಅವನಿಗೆ ನಿಜವಾಗಿ ಉಳಿದದ್ದು ಮೂರು ಲಕ್ಷವೇ ಆಗಿದ್ದು, ಅಷ್ಟನ್ನೂ ತೋರಿಸಿದರೂ ತೆರಿಗೆ ಸೊನ್ನೆ. ಆ ವರ್ಷ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ತೆರಿಗೆಯಿರಲಿಲ್ಲ. ಆದ್ದರಿಂದ 6,000 ರೂಪಾಯಿ ಅವನದೇ ಹಣ, ರೀಫಂಡ್ ಬರಬೇಕು. ರಿಟರ್ನ್ ಹಾಕದೆ ರೀಫಂಡ್ ಇಲ್ಲ. ರಿಟರ್ನ್ ಹಾಕಿದರೆ ಮನೆಯಾಕೆಯ 24,000ಕ್ಕೆ ಸಂಚಕಾರ ಬಂದೀತೆಂಬ ಅನುಮಾನ. ಜೊತೆಗೆ ಆಡಿಟರ್ ಫೀಸು. ಯಾರೇ ಆದರೂ ಆರು ಸಾವಿರವನ್ನು ಬಿಟ್ಟುಕೊಟ್ಟಾರು. ಇಲ್ಲಿ ಇನ್ನೊಂದು ತಮಾಷೆಯಿದೆ. ಕಾನೂನಿನ ಪ್ರಕಾರ ಅವನು ತೆರಿಗೆ ಪಾವತಿದಾರನಲ್ಲ ಎಂಬುದನ್ನು ಸಾಬೀತು ಮಾಡುವ ಏಕೈಕ ದಾರಿ ರಿಟರ್ನ್ ಹಾಕಿ ರೀಫಂಡ್ ಪಡೆಯುವುದು. ಹಾಕದಿದ್ದರೆ ಅವನ ಪ್ಯಾನ್ ಸಂಖ್ಯೆಯ ಎದುರು 6,000 ರೂಪಾಯಿ ತೆರಿಗೆ ಜಮೆಯಾಗಿಯೇ ಉಳಿಯುತ್ತದೆ. ಅಂದರೆ ಭಯದಿಂದ ಸುಮ್ಮನಿದ್ದವನೇ ಲೆಕ್ಕದಲ್ಲಿ ತೆರಿಗೆ ಕಟ್ಟಿದವನಾಗುತ್ತಾನೆ. 2024ರ ಅಕ್ಟೋಬರ್‌ನಿಂದ ಈ ಟಿಡಿಎಸ್ ಶೇ 0.1ಕ್ಕೆ ಇಳಿದಿದೆ, ಆರು ಸಾವಿರ ಆರುನೂರಾಗಿದೆ. ನೋವು ಕಡಿಮೆಯಾಯಿತು, ರಿಟರ್ನ್ ಹಾಕುವ ಆಸೆಯೂ ಅಷ್ಟೇ ಕಡಿಮೆಯಾಯಿತು.

ಇದರ ಫಲವಾಗಿ ಒಬ್ಬನೇ ಮನುಷ್ಯನಿಗೆ ಮೂರು ಆದಾಯ ಹುಟ್ಟಿಕೊಂಡಿವೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.20 ಲಕ್ಷ ಮೀರಬಾರದು. ನಾಡಕಚೇರಿಯ ಪ್ರಮಾಣಪತ್ರದಲ್ಲಿ ಅದಕ್ಕಿಂತ ಕಡಿಮೆ ಇರಬೇಕು. ವಾಹನ ಸಾಲ ಕೇಳಲು ಹೋದರೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ, ಅಲ್ಲಿ ಮೂರು ನಾಲ್ಕು ಲಕ್ಷವಾದರೂ ಕಾಣಬೇಕು. ತೆರಿಗೆ ಇಲಾಖೆಗಾದರೆ ಶೇ 6 ಅಥವಾ 8 ತೋರಿಸಿದರೆ ಸಾಕು. ಈ ಮೂರನ್ನೂ ಹೇಳುವವನು ಸುಳ್ಳುಗಾರ ಎನ್ನುವುದು ಸುಲಭ. ಆದರೆ ತಿಂಗಳಿಗೆ ಹತ್ತು ಸಾವಿರ ಎಂಬ ಗೆರೆಯ ಕೆಳಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಸಂಸಾರ ನಡೆಯುವುದಿಲ್ಲ ಎಂಬುದು ಗೆರೆ ಎಳೆದವರಿಗೂ ಗೊತ್ತಿರುವ ಸತ್ಯ. ಒಂದೊಂದು ಕಚೇರಿಯೂ ತನಗೆ ಬೇಕಾದ ಸಂಖ್ಯೆಯನ್ನು ಕೇಳಿ ಪಡೆಯುತ್ತಿದೆ. ಮೂರೂ ಕಚೇರಿಗಳ ಕಂಪ್ಯೂಟರುಗಳು ಆಧಾರ್, ಪ್ಯಾನ್ ಹಿಡಿದು ಪರಸ್ಪರ ಮಾತಾಡಲು ತೊಡಗಿದಾಗ ಸಿಕ್ಕಿಬೀಳುವವನು ಮಾತ್ರ ಅರ್ಜಿದಾರ.

ಜಿಎಸ್‌ಟಿ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ಚೂಪು. 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗೆ 10,000 ರೂಪಾಯಿ ಸಾಲ, ಶೇ 7 ಬಡ್ಡಿ ಸಹಾಯಧನ ಕೊಟ್ಟಿತು. ಡಿಜಿಟಲ್ ಆಗಿ ಹಣ ಪಡೆದರೆ ವರ್ಷಕ್ಕೆ 1,200ರವರೆಗೆ ಕ್ಯಾಶ್‌ಬ್ಯಾಕ್ ಎಂದೂ ಆಸೆ ತೋರಿಸಿತು. ಕ್ಯೂಆರ್ ಫಲಕ ತೂಗುಹಾಕುವುದನ್ನು ಸರ್ಕಾರವೇ ಹಣ ಕೊಟ್ಟು ಕಲಿಸಿತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಅಂಕಿ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಸಣ್ಣ ಅಂಗಡಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಗಡಿಗಳ ಮೇಲೆ ಬಂದವು. ಜುಲೈ 25ಕ್ಕೆ ಬಂದ್ ಕರೆ ಬಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಬೇಕು ಎಂದರು. ಸರಕು ಮಾರುವವರಿಗೆ ಆ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ತೆರಿಗೆಯಿರುವ ಸರಕನ್ನೇ 45 ಲಕ್ಷಕ್ಕೆ ಮಾರುವ ಹಲಸೂರಿನ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ನೂರಕ್ಕೆ ಎಂಟು ರೂಪಾಯಿ ಉಳಿದರೆ ವರ್ಷಕ್ಕೆ 3.60 ಲಕ್ಷ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಹೋದರೆ ಶೇ 1, ಅಂದರೆ 45,000. ಮೂರು ತಿಂಗಳಿಗೊಮ್ಮೆ ಹೇಳಿಕೆ, ವರ್ಷಕ್ಕೊಂದು ರಿಟರ್ನ್. ಆ ರಿಟರ್ನ್ ಸಲ್ಲಿಸಿದ ಕೂಡಲೇ ಅವನು ‘ಜಿಎಸ್‌ಟಿ ರಿಟರ್ನ್ ಸಲ್ಲಿಸುವವನು’, ಮನೆಯ 24,000 ಕೈತಪ್ಪುತ್ತದೆ. ಎರಡೂ ಸೇರಿ 69,000, ಉಳಿತಾಯದ ಐದನೇ ಒಂದು ಭಾಗದ ಹತ್ತಿರ. ನೋಂದಣಿಯ ಬೆಲೆ ಶೇ 1 ಎಂದು ಇಲಾಖೆ ಹೇಳುವಾಗ ಅಂಗಡಿಯವನ ತಲೆಯಲ್ಲಿ ಓಡುವ ಲೆಕ್ಕ ಇದು. ಇಲ್ಲಿ ಅವನ ಭಯಕ್ಕೆ ತಪ್ಪು ತಿಳಿವಳಿಕೆ ಎಂಬ ಹೆಸರನ್ನೂ ಕೊಡುವಂತಿಲ್ಲ. ನಿಯಮ ಹಾಗೆಯೇ ಇದೆ.

ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾಗಿಯೇ ಇವೆ. ತೆರಿಗೆ ಕಟ್ಟುವ ಶಕ್ತಿಯಿದ್ದವರಿಗೆ ಸಹಾಯಧನ ಏಕೆ ಎಂಬುದು ಮೊದಲನೆಯದು. ಒಪ್ಪಿದೆ, ಕೊಡಬೇಕಾಗಿಲ್ಲ. ಆದರೆ ಈಗಿನ ಜರಡಿ ಶಕ್ತಿಯನ್ನು ಸೋಸುತ್ತಿಲ್ಲ, ಕಾಗದವನ್ನು ಸೋಸುತ್ತಿದೆ. ನಾಲ್ಕು ಮನೆ ಬಾಡಿಗೆಯನ್ನು ನಗದಾಗಿ ಪಡೆದು ಒಂದು ಹಾಳೆಯನ್ನೂ ತುಂಬದವರು ಜರಡಿಯ ಈಚೆ ಉಳಿಯುತ್ತಾರೆ, ಕಾರಿನ ಸಾಲಕ್ಕೆಂದು ಕಾಗದ ತುಂಬಿದವನು ಆಚೆ ಬೀಳುತ್ತಾನೆ. ಸ್ವಂತ ಕಸುಬಿನವರು ಹೇಗೂ ಆದಾಯ ಮುಚ್ಚಿಡುತ್ತಾರೆ, ಸಹಾಯಧನ ಒಂದು ನೆಪ ಎಂಬುದು ಎರಡನೆಯ ಆಕ್ಷೇಪ. ಮುಚ್ಚಿಡುವವರು ಇದ್ದಾರೆ, ಇಲ್ಲವೆನ್ನಲಾಗದು. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಮೂರು ಲಕ್ಷ ದುಡಿಯುವವನು ಅದನ್ನು ಮುಚ್ಚಿಟ್ಟು ಉಳಿಸುವ ತೆರಿಗೆ ಸೊನ್ನೆ, ತೋರಿಸಿದರೆ ರೀಫಂಡ್ ಲಾಭ. ಅಂಥವನೂ ರಿಟರ್ನ್ ಹಾಕುವುದಿಲ್ಲವೆಂದರೆ ಕಾರಣವನ್ನು ತೆರಿಗೆಯ ಹೊರಗೇ ಹುಡುಕಬೇಕು. ಎಲ್ಲರಿಗೂ ಕೊಟ್ಟು, ಕೊಟ್ಟದ್ದನ್ನು ಆದಾಯಕ್ಕೆ ಸೇರಿಸಿ, ಉಳ್ಳವರಿಂದ ತೆರಿಗೆಯಲ್ಲಿ ಹಿಂಪಡೆಯಿರಿ ಎಂಬ ಮೂರನೆಯ ಮಾತು ಕೇಳಲು ಚೆನ್ನ. 12 ಲಕ್ಷದವರೆಗೆ ತೆರಿಗೆಯಿಲ್ಲದ ದೇಶದಲ್ಲಿ 24,000ವನ್ನು ಆದಾಯಕ್ಕೆ ಸೇರಿಸಿದರೆ ಬಹುತೇಕ ಮನೆಗಳಿಂದ ಒಂದು ರೂಪಾಯಿಯೂ ಹಿಂದೆ ಬರದು. ಬಂದರೂ ಅದು ಹೋಗುವುದು ಕೇಂದ್ರದ ಬೊಕ್ಕಸಕ್ಕೆ, ಕೊಟ್ಟದ್ದು ರಾಜ್ಯ.

ಕೊಟ್ಟ ನೆರವನ್ನು ಆದಾಯಕ್ಕೆ ಸೇರಿಸುವ ಈ ದಾರಿಯಲ್ಲಿ ನಡೆದು ನೋಡಿದ ದೇಶ ಬ್ರಿಟನ್. 2020ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಸ್ವಂತ ಉದ್ಯೋಗಿಗಳಿಗೆ ನೆರವು ಘೋಷಿಸಿದರು. ಮೊದಲ ಕಂತಿನಲ್ಲಿ ಮೂರು ತಿಂಗಳ ಸರಾಸರಿ ಲಾಭದ ಶೇ 80, ಗರಿಷ್ಠ 7,500 ಪೌಂಡ್. ಒಟ್ಟು ಐದು ಕಂತು ಬಂದವು. ಮೊತ್ತ ನಿಗದಿಯಾದದ್ದು ಹಿಂದಿನ ವರ್ಷಗಳ ರಿಟರ್ನ್ ನೋಡಿ, 2018-19ರ ರಿಟರ್ನ್ ಇಲ್ಲದವರಿಗೆ ಮೊದಲ ಕಂತುಗಳಲ್ಲಿ ಬಾಗಿಲು ಮುಚ್ಚಿತ್ತು. ಕೊಟ್ಟ ನೆರವಿಗೆ ತೆರಿಗೆಯೂ ಉಂಟು. ರಿಟರ್ನಿನಲ್ಲಿ ತೋರಿಸಿದ ಮೊತ್ತ ಇಲಾಖೆಯ ದಾಖಲೆಗೆ ಹೊಂದದಿದ್ದರೆ ಇಲಾಖೆಯೇ ತಿದ್ದಿತು, ರೀಫಂಡ್ ನಿರೀಕ್ಷಿಸಿದವರಿಗೆ ಬಾಕಿಯ ಪತ್ರ ಹೋದದ್ದೂ ಉಂಟು. ಕಸುಬು ಹೊಸದಾಗಿ ಶುರುಮಾಡಿದವರು ನೆರವಿನಿಂದ ಹೊರಗುಳಿದದ್ದು ಆ ಪದ್ಧತಿಯ ದೊಡ್ಡ ಲೋಪ. ಅದನ್ನು ಇಲ್ಲಿ ತರಬೇಕೆಂದು ನಾನು ಹೇಳುತ್ತಿಲ್ಲ. ಅದೇ ಕಾಲದಲ್ಲಿ ನಮ್ಮ ಚಾಲಕನಿಗೆ, ರಿಟರ್ನ್ ಇರಲಿ ಬಿಡಲಿ, ಲೈಸೆನ್ಸ್ ತೋರಿಸಿ 5,000 ಸಿಕ್ಕಿತು, ಆ ಮಟ್ಟಿಗೆ ನಮ್ಮದೇ ವಾಸಿ. ಆದರೆ ಅಲ್ಲಿ ರಿಟರ್ನ್ ಎಂದರೆ ‘ನಾನು ದುಡಿಯುವವನು, ಇಷ್ಟು ದುಡಿಯುತ್ತಿದ್ದೆ’ ಎಂಬುದಕ್ಕೆ ಸಾಕ್ಷಿಯಾಯಿತು. ಇಲ್ಲಿ ಅದು ‘ನನಗೆ ಸಹಾಯ ಬೇಡ’ ಎಂದು ಬರೆದುಕೊಟ್ಟ ಮುಚ್ಚಳಿಕೆಯಂತೆ ಓದಲ್ಪಡುತ್ತಿದೆ.

ಸರಿಪಡಿಸಲು ಹೊಸ ಯೋಜನೆಯೇನೂ ಬೇಕಾಗಿಲ್ಲ, ಅಳತೆಗೋಲು ಬದಲಾದರೆ ಸಾಕು. ಪಿಎಂ ಕಿಸಾನ್ ಯೋಜನೆಯಲ್ಲಿ ಹೊರಗಿಟ್ಟಿರುವುದು ಕಳೆದ ಕರನಿರ್ಧಾರ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು. ಯಾವ ವರ್ಷ ಎಂಬುದು ಅಲ್ಲಿ ಖಚಿತ. ರಾಜ್ಯದ ಯೋಜನೆಗಳೂ ರಿಟರ್ನ್ ಇದೆಯೇ ಎಂದು ಕೇಳುವುದನ್ನು ಬಿಟ್ಟು, ಇಂಥ ವರ್ಷ ಅಂತಿಮವಾಗಿ ಬಿದ್ದ ತೆರಿಗೆ ಎಷ್ಟು ಎಂದು ಕೇಳಬೇಕು. ಟಿಡಿಎಸ್ ಜಮೆಯನ್ನು ಪಾವತಿ ಎಂದು ಎಣಿಸಬಾರದು. ಜಿಎಸ್‌ಟಿಯಲ್ಲಿ ರಾಜಿ ತೆರಿಗೆಯ ಸಣ್ಣ ವ್ಯಾಪಾರಿಗಳನ್ನು ಹೊರಗಿಡುವ ಷರತ್ತಿನಿಂದ ಬಿಡಿಸಬೇಕು. ಇದರಿಂದ ಗೃಹಲಕ್ಷ್ಮಿಯ ಖರ್ಚು ಸ್ವಲ್ಪ ಏರುತ್ತದೆ ಎಂಬುದು ನಿಜ. ಆದರೆ ಮೇಲಿನ ಅಂಗಡಿಯ ಲೆಕ್ಕವನ್ನೇ ನೋಡಿ: 24,000 ಬಿಟ್ಟುಕೊಟ್ಟರೆ 45,000 ರೂಪಾಯಿ ತೆರಿಗೆ ಕಟ್ಟುವವನೊಬ್ಬ ಒಳಗೆ ಬರುತ್ತಾನೆ, ಅದರಲ್ಲಿ ಅರ್ಧ ರಾಜ್ಯದ ಪಾಲು. ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ, ವ್ಯಾಪಾರಿ ಮುಂದೆ ಬೆಳೆದರೆ ಲಾಭವೇ. ಇನ್ನು ಆದಾಯ ತೆರಿಗೆಗೆ ಬೇಕಾದ ಪುರಾವೆಯೂ ದೂರವಿಲ್ಲ. ಇಡೀ ದೇಶದ ರಿಟರ್ನುಗಳನ್ನು ಸಂಸ್ಕರಿಸಿ ರೀಫಂಡ್ ಹೊರಡಿಸುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ, ಹೊಸೂರು ರಸ್ತೆಯ ಕಡೆಗೆ. ಅಲ್ಲಿಂದ ರಿಟರ್ನ್ ಹಾಕಿದವರಿಗೆ ಸೆಕ್ಷನ್ 143(1)ರ ತಿಳಿವಳಿಕೆ ಪತ್ರ ಬರುತ್ತದೆ. ಅದರಲ್ಲಿ ಒಂದು ಕಡೆ ರಿಟರ್ನಿನಲ್ಲಿ ತೋರಿಸಿದ್ದು, ಪಕ್ಕದಲ್ಲಿ ಇಲಾಖೆ ಲೆಕ್ಕ ಹಾಕಿದ್ದು. ಕೆಳಗೆ ಬರುತ್ತಾ ಒಟ್ಟು ತೆರಿಗೆ ಹೊಣೆ ಎಂಬ ಸಾಲು. ಕೆ.ಆರ್. ಪುರದ ಕಚೇರಿಯ ಮೇಜಿನ ಮೇಲೆ ಆ ಕಾಗದ ಬಂದಾಗ ಓದಬೇಕಾದದ್ದು ಆ ಒಂದು ಸಾಲು. ಅಲ್ಲಿ ಸೊನ್ನೆ ಇದ್ದರೆ ಕಾರ್ಡು ಹೋಗಬಾರದು.